ಕೋಳಿ ಸ್ನಾಯುವಿನಲ್ಲಿ ಏಳಕ್ಷರದ ಹುಡುಕಾಟ: ಕೆಲಸ ಎಲ್ಲಿಗೆ ಬಂತು

ಹಾಸನದ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಮಾಡಿಕೊಂಡು ಬರುತ್ತಿರುವ ಈ ಕೆಲಸದ ಮೊದಲ ಹಂತ ಮುಗಿಯಿತು. ಕೆಲಸ ಏನೆಂದರೆ, ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಎಳೆಗಳು ಕೋಳಿಯ ಯಾವ ಯಾವ ಜೀನ್‌ಗಳ ಮೇಲೆ ಕೂತು ಸ್ನಾಯು ಬೆಳೆಯುವುದನ್ನು ನಿಯಂತ್ರಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಹುಡುಕುವುದು. ಕೋಳಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಎಲ್ಲರಿಗೂ ಬಿಟ್ಟಿ ಸಿಗುತ್ತದೆ. 2004ರಲ್ಲಿ ಮೊದಲು ಓದಿದ್ದು ಕೆಂಪು ಕಾಡುಕೋಳಿಯದು. ಅದರಿಂದ ಪ್ರತಿ ಜೀನ್‌ನ ಸಂದೇಶ ಆರ್‌ಎನ್‌ಎಯ (ಪ್ರೋಟೀನ್ ಮಾಡಲು ಜೀನ್‌ನಿಂದ ತೆಗೆದ ಪ್ರತಿಯ) ಬಾಲವನ್ನು, ಅಂದರೆ ಪ್ರೋಟೀನ್ ಆಗದೆ ಉಳಿಯುವ ಕೊನೆಯ ಭಾಗವನ್ನು, ಬೇರೆ ಮಾಡಿಟ್ಟುಕೊಂಡೆ. ಮೈಕ್ರೋಆರ್‌ಎನ್‌ಎ ಬಂದು ಕೂರುವುದು ಹೆಚ್ಚಾಗಿ ಅಲ್ಲೇ.

ಹೊಸಬರಿಗೆ ಎರಡು ಮಾತು. ಆರ್‌ಎನ್‌ಎಯ ಬರಹದಲ್ಲಿ ಇರುವುದು ಎ, ಸಿ, ಜಿ, ಯು ಎಂಬ ನಾಲ್ಕೇ ಅಕ್ಷರ. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರದ ಪುಟ್ಟ ಎಳೆ. ಅದು ಪ್ರೋಟೀನ್ ಮಾಡುವುದಿಲ್ಲ. ಬೇರೆ ಜೀನ್‌ನ ಸಂದೇಶಕ್ಕೆ ಅಂಟಿಕೊಂಡು, ಆ ಸಂದೇಶ ಪ್ರೋಟೀನ್ ಆಗದಂತೆ ತಡೆಯುತ್ತದೆ, ಇಲ್ಲವೇ ಬೇಗ ನಾಶವಾಗುವಂತೆ ಮಾಡುತ್ತದೆ. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇದನ್ನು ಕಂಡವರು ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ತಂಡಗಳವರು. 2024ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಅಂಟುವಾಗ ಮುಖ್ಯವಾಗುವುದು ಮೈಕ್ರೋಆರ್‌ಎನ್‌ಎಯ 2ನೆಯದರಿಂದ 8ನೆಯದರವರೆಗಿನ ಏಳು ಅಕ್ಷರ. ಸ್ನಾಯುವಿನಲ್ಲಿ ತುಂಬಿರುವ ಮಿರ್-1 ಮತ್ತು ಮಿರ್-206 ಎಂಬ ಎರಡು ಮೈಕ್ರೋಆರ್‌ಎನ್‌ಎಗಳಿಗೂ ಆ ಏಳಕ್ಷರ ಒಂದೇ. ಹಾಗಾಗಿ ಎರಡೂ ಸಂದೇಶದ ಬಾಲದಲ್ಲಿ ಹುಡುಕುವ, ಆ ಏಳಕ್ಷರಕ್ಕೆ ಜೋಡಿಯಾಗುವ ಗುರುತೂ ಒಂದೇ: ಎ-ಸಿ-ಎ-ಯು-ಯು-ಸಿ-ಸಿ.

ಈ ಗುರುತು ಹುಡುಕಲು ಬರೆದ ಪೈಥಾನ್ ಸ್ಕ್ರಿಪ್ಟ್ (ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ) ಓಡಿಸಿದರೆ ಪಟ್ಟಿ ಉದ್ದಕ್ಕೆ ಸುರಿಯುತ್ತದೆ. ಅದನ್ನು ಕಂಡು ಹಿಗ್ಗಬಾರದು. ನಾಲ್ಕೇ ಅಕ್ಷರದ ಭಾಷೆಯಲ್ಲಿ ಯಾವುದೇ ಏಳಕ್ಷರದ ಗುರುತು ಸರಾಸರಿ 16,384 ಅಕ್ಷರಕ್ಕೊಮ್ಮೆ ತಾನಾಗಿಯೇ ಬರುತ್ತದೆ. ಒಂದು ಕೋಟಿ ಅಕ್ಷರ ಹುಡುಕಿದರೆ 600ರಷ್ಟು ಕಡೆ ಯಾವ ಅರ್ಥವೂ ಇಲ್ಲದೆ ಸಿಗಬಹುದು. ಅದಕ್ಕೇ ಪಟ್ಟಿಯನ್ನು ನಂಬುವ ಮೊದಲು ಪ್ರಯೋಗದಲ್ಲಿ ಗಟ್ಟಿಯಾದ ಒಂದು ಜೀನ್ ಇಟ್ಟುಕೊಂಡು ಸ್ಕ್ರಿಪ್ಟನ್ನು ತಾಳೆ ನೋಡುತ್ತಿದ್ದೇನೆ. ಆ ಜೀನ್ ಪ್ಯಾಕ್ಸ್-3.

ಪ್ಯಾಕ್ಸ್-3ನ ವಿಷಯ ನಿಜಕ್ಕೂ ಸೊಗಸಾಗಿದೆ. ಇನ್ನೂ ಸ್ನಾಯುವಾಗದ ಮೂಲಕೋಶಗಳಲ್ಲಿ ಈ ಜೀನ್ ನಡೆಯುತ್ತಿರುತ್ತದೆ. ಕೋಶ ಸ್ನಾಯುವಾಗಬೇಕಾದರೆ ಇದು ನಿಲ್ಲಬೇಕು. ಮಿಫ್-5 ಎಂಬ ಜೀನ್ ಎದ್ದಾಗ ಮಿರ್-1, ಮಿರ್-206 ಹುಟ್ಟುತ್ತವೆ. ಕೋಳಿ ಭ್ರೂಣದ ನರನಾಳದಲ್ಲಿ, ಅಂದರೆ ಸ್ನಾಯುವೇ ಅಲ್ಲದ ಜಾಗದಲ್ಲಿ, ಮಿಫ್-5 ಹಾಕಿದಾಗಲೂ ಅವು ಹುಟ್ಟಿದ್ದನ್ನು ತೋರಿಸಿದ್ದಾರೆ. ಹುಟ್ಟಿದ ಮೇಲೆ ಅವು ಪ್ಯಾಕ್ಸ್-3ರ ಸಂದೇಶವನ್ನು ಅದುಮುತ್ತವೆ. 2011ರಲ್ಲಿ ಕೋಳಿ ಭ್ರೂಣದಲ್ಲೇ ಈ ಮೈಕ್ರೋಆರ್‌ಎನ್‌ಎಗಳನ್ನು ತಡೆದು ನೋಡಿದರು: ಪ್ಯಾಕ್ಸ್-3 ಆರದೆ ಉಳಿಯಿತು, ಸ್ನಾಯುವಾಗುವುದು ತಡವಾಯಿತು.

ಮಿರ್-133 ಇನ್ನೂ ಕುತೂಹಲದ್ದು. ಮಿರ್-1ರ ಪಕ್ಕದಲ್ಲೇ, ಒಂದೇ ಉದ್ದನೆಯ ಆರ್‌ಎನ್‌ಎಯಲ್ಲಿ ಎರಡೂ ಒಟ್ಟಿಗೆ ಹುಟ್ಟುತ್ತವೆ. ಇಲಿಯ ಸ್ನಾಯುಕೋಶಗಳ ಮೇಲೆ 2006ರಲ್ಲಿ ಬಂದ ಕೆಲಸದ ಪ್ರಕಾರ ಮಿರ್-1 ಕೋಶಕ್ಕೆ ಸ್ನಾಯುವಾಗು ಎನ್ನುತ್ತದೆ, ಮಿರ್-133 ಇನ್ನೂ ಒಡೆದು ಹೆಚ್ಚಾಗು ಎನ್ನುತ್ತದೆ. ಒಂದೇ ಬಳ್ಳಿಯ ಎರಡು ಕಾಯಿ ಬೇರೆ ಬೇರೆ ರುಚಿ ಕೊಟ್ಟ ಹಾಗೆ. ಇದರ ಗುರುತುಗಳನ್ನೂ ಹುಡುಕಿಟ್ಟಿದ್ದೇನೆ, ವಿಂಗಡಿಸುವುದು ಬಾಕಿ.

ನಡುವೆ ಪಕ್ಕದ ಮನೆ ಅಜ್ಜಿ ಕೇಳಿದ್ದು: "ಏನಪ್ಪಾ, ಫಾರಂ ಕೋಳಿಗೆ ಇಂಜೆಕ್ಷನ್ ಹಾಕ್ತಾರಂತಲ್ಲ, ಅದಕ್ಕೇ ತಾನೆ ಒಂದೂವರೆ ತಿಂಗಳಿಗೆ ಅಷ್ಟು ದಪ್ಪ ಆಗೋದು?" ಆಕೆಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ಯಾಕೆಂದರೆ ಹೀಗೇ ನಂಬಿದವರು ಇನ್ನೂ ಇದ್ದಾರೆ. ಕೆನಡಾದಲ್ಲಿ 1957ರ ತಳಿ, 1978ರ ತಳಿ, 2005ರ ತಳಿ ಮೂರನ್ನೂ ಒಂದೇ ಮೇವು ಹಾಕಿ ಸಾಕಿದರು. 56ನೇ ದಿನ ತೂಗಿದಾಗ ಸಿಕ್ಕಿದ್ದು 905 ಗ್ರಾಂ, 1808 ಗ್ರಾಂ, 4202 ಗ್ರಾಂ. ಮೇವು ಒಂದೇ, ಬದಲಾಗಿದ್ದು ತಳಿ. ಪೀಳಿಗೆಯಿಂದ ಪೀಳಿಗೆಗೆ ದಪ್ಪನೆಯವನ್ನೇ ಆರಿಸುತ್ತ ಬಂದದ್ದರ ಫಲ. "ಹಂಗಾದ್ರೆ ನಮ್ ನಾಟಿ ಕೋಳಿ?" ಅಂದರು. ಅದೇ ನನ್ನ ಪ್ರಶ್ನೆಯೂ, ಅಜ್ಜಿ: ನಾಟಿಗೂ ಫಾರಂ ಕೋಳಿಗೂ ಈ ವ್ಯತ್ಯಾಸ ಬಂದದ್ದು ಎಲ್ಲಿಂದ?

ಜೀನ್‌ನಿಂದಾಗುವ ಪ್ರೋಟೀನ್ ಬದಲಾಗದೆ ಅದರ ಬಾಲದಲ್ಲಿ ಒಂದೇ ಅಕ್ಷರ ಬದಲಾದರೂ ಮೈಕಟ್ಟು ಬದಲಾಗಬಹುದು ಎನ್ನುವುದಕ್ಕೆ ಟೆಕ್ಸೆಲ್ ಎಂಬ ತಳಿಯ ಕುರಿ ಸಾಕ್ಷಿ. ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಜೀನ್‌ನ ಬಾಲದಲ್ಲಿ ಒಂದು ಜಿ ಹೋಗಿ ಎ ಬಂದದ್ದರಿಂದ, ಮಿರ್-1, ಮಿರ್-206 ಕೂರುವ ಹೊಸ ಗುರುತು ಹುಟ್ಟಿಕೊಂಡಿತು. ಕಡಿವಾಣ ಸಡಿಲವಾಯಿತು, ಕುರಿ ಮಾಂಸಲವಾಯಿತು. ಇದು 2006ರಲ್ಲಿ ಪ್ರಕಟವಾದದ್ದು.

ಆದರೆ ಗುರುತೊಂದೇ ಸಾಲದು. ಅದಕ್ಕೇ ಈಗ ನನ್ನ ಪಟ್ಟಿಗೆ ಯಾವುದು ಯಾವ ಹೊತ್ತಿನಲ್ಲಿ ಇರುತ್ತದೆ ಎನ್ನುವ ಕಾಲಂ ಸೇರಿಸುತ್ತಿದ್ದೇನೆ. ಮೈಕ್ರೋಆರ್‌ಎನ್‌ಎ ಮತ್ತು ಅದರ ಗುರಿ ಒಂದೇ ಕೋಶದಲ್ಲಿ, ಒಂದೇ ಹೊತ್ತಿನಲ್ಲಿ ಇರದಿದ್ದರೆ ಗುರುತು ಇದ್ದೂ ಪ್ರಯೋಜನವಿಲ್ಲ. ಮೊಟ್ಟೆ 21 ದಿನ ಕಾವಿನಲ್ಲಿರುತ್ತದೆ. ಬೆನ್ನಿನ ಉದ್ದಕ್ಕೆ ಸ್ನಾಯುವಿನ ಮೂಲಗಂಟುಗಳು ಸುಮಾರು 90 ನಿಮಿಷಕ್ಕೊಂದು ಜೋಡಿಯಂತೆ ಏಳುತ್ತವೆ. ಮರಿ ಹೊರಬರುವ ಹೊತ್ತಿಗೆ ಸ್ನಾಯು ಎಳೆಗಳ ಸಂಖ್ಯೆ ಬಹುಪಾಲು ನಿಗದಿಯಾಗಿರುತ್ತದೆ, ಆಮೇಲೆ ಎಳೆ ದಪ್ಪವಾಗುವುದಷ್ಟೆ. ಆದ್ದರಿಂದ ನಾಟಿಗೂ ಫಾರಂ ಕೋಳಿಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ಚಿಪ್ಪಿನ ಒಳಗೇ ತೀರ್ಮಾನವಾಗಿರುತ್ತದೆ ಎಂದು ನನ್ನ ಅನಿಸಿಕೆ.

ಕಾಲಂಗೆ ದಿನದ ಲೆಕ್ಕ ಹಾಕದೆ, 1951ರಲ್ಲಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು ಮಾಡಿದ, ಕೋಳಿ ಭ್ರೂಣದ ಬೆಳವಣಿಗೆಯ 46 ಹಂತಗಳ ಪಟ್ಟಿಯನ್ನೇ ಹಿಡಿದಿದ್ದೇನೆ. ಕಾವಿನ ಬಿಸಿ ಸ್ವಲ್ಪ ಏರುಪೇರಾದರೂ ದಿನದ ಲೆಕ್ಕ ತಪ್ಪುತ್ತದೆ, ಭ್ರೂಣದ ರೂಪ ನೋಡಿ ಹೇಳುವ ಹಂತ ತಪ್ಪುವುದಿಲ್ಲ.

ಮುಂದಿನ ಕೆಲಸ ಗೌಜಲ ಹಕ್ಕಿ, ಬಾತುಕೋಳಿಗಳ ಜೀನ್ ಸಂದೇಶಗಳ ಬಾಲಗಳನ್ನೂ ಇಂಟರ್‌ನೆಟ್‌ನಿಂದ ಇಳಿಸಿ ಕೋಳಿಯದರ ಪಕ್ಕ ಇಡುವುದು. ಮೂರು ಹಕ್ಕಿಯಲ್ಲೂ ಅದೇ ಜಾಗದಲ್ಲಿ ಉಳಿದಿರುವ ಗುರುತುಗಳನ್ನು ಮಾತ್ರ ಪಟ್ಟಿಯಲ್ಲಿ ಮೇಲಕ್ಕೆ ತರುತ್ತೇನೆ. ಬಾತುಕೋಳಿಯ ಫೈಲ್ ಈಗ ಇಳಿಯುತ್ತಿದೆ.