ಮಾತ್ರೆ ಎಣಿಸುವ ಪರ್ಲ್: ಮೂರನೇ ವಾರ

ಭಾಮಿನಿ ಷಟ್ಪದಿಯ ಪದ್ಯ ಕೊಟ್ಟರೆ ಲಘು ಗುರು ಹಾಕಿ, 3 ಮತ್ತು 6ನೇ ಸಾಲಿನಲ್ಲಿ 23, ಉಳಿದವುಗಳಲ್ಲಿ 14 ಮಾತ್ರೆ ಇದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪರ್ಲ್ ಎಂಬ ಈ ಪ್ರೋಗ್ರಾಮಿಂಗ್ ಭಾಷೆ ನನಗೆ ಹೊಸದು.

ಸೋಮವಾರ ಅಕ್ಷರ ಬಿಡಿಸುವ ಭಾಗವನ್ನು ಬೇರೆ ಪ್ಯಾಕೇಜ್ ಮಾಡಿ, ಅಂದರೆ ಪ್ರತ್ಯೇಕ ಫೈಲಿನಲ್ಲಿ, ಇಟ್ಟೆ. ಪಕ್ಕದಲ್ಲೇ ಇರುವ ಫೈಲು ಸಿಗುತ್ತಿಲ್ಲ ಎಂದಿತು. 5.26ನೇ ಆವೃತ್ತಿಯಿಂದ ಪರ್ಲ್ ನಾವಿರುವ ಫೋಲ್ಡರಿನಲ್ಲಿ ತಾನಾಗಿ ಹುಡುಕುವುದಿಲ್ಲವಂತೆ. 'ಯೂಸ್ ಲಿಬ್' ಹಾಕಿ ದಾರಿ ತೋರಿಸಬೇಕು. ಆಮೇಲೆ ಪ್ಯಾಕೇಜಿನ ಕೊನೆಯಲ್ಲಿ 1 ಬರೆಯದ್ದಕ್ಕೆ ಇನ್ನೊಂದು ತಕರಾರು. ಎರಡೂ ಹತ್ತು ನಿಮಿಷದಲ್ಲಿ ಸರಿಹೋದವು, ಬಾಯಿಬಿಟ್ಟು ಹೇಳಿತಲ್ಲ.

ಬಾಯಿಬಿಡದ ತಪ್ಪುಗಳೇ ವಾರವನ್ನೆಲ್ಲ ತಿಂದವು. ಫೈಲು ತೆರೆಯುವ 'ಓಪನ್‌'ಗೆ ಆವರಣ ಹಾಕದೆ ಸಾಲಿನ ಕೊನೆಗೆ '|| ಡೈ' (ಆಗದಿದ್ದರೆ ಸಂದೇಶ ಕೊಟ್ಟು ನಿಲ್ಲು) ಎಂದು ಬರೆದಿದ್ದೆ. ಫೈಲಿನ ಹೆಸರು ತಪ್ಪಿದ್ದರೂ ಪ್ರೋಗ್ರಾಂ ನಿಲ್ಲದೆ 0 ಮಾತ್ರೆ ತೋರಿಸಿತು. || ಪಕ್ಕದ ಫೈಲ್ ಹೆಸರಿಗೇ ಅಂಟಿಕೊಳ್ಳುತ್ತದೆ, ಡೈಗೆ ಸರದಿಯೇ ಬರುವುದಿಲ್ಲ. ಅಲ್ಲಿ 'ಆರ್' (or) ಎಂಬ ಪದವನ್ನೇ ಬಳಸಬೇಕು.

ಇನ್ನು ರೆಜೆಕ್ಸ್, ಅಂದರೆ ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ಬರೆಯುವ ಬಗೆ. 'ಯೂಸ್ ಯುಟಿಎಫ್8' ಇಲ್ಲದಿದ್ದಾಗ ಬೈಟ್‌ಗಳನ್ನು ಎಣಿಸಿ 'ಕನ್ನಡ'ದ ಉದ್ದ 15 ಎಂದಿತು; ಹಾಕಿದ ಮೇಲೆ ಕ, ನ, ವಿರಾಮ (್), ನ, ಡ ಎಂದು 5. ಅಕ್ಷರಗುಚ್ಛಗಳನ್ನು ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಎಕ್ಸ್ (\X) ಬಳಸಿದರೆ ಕ, ನ್, ನ, ಡ ಎಂದು ನಾಲ್ಕು ತುಂಡು. ನನಗೆ ಬೇಕಾದದ್ದು ಕ, ನ್ನ, ಡ. ಒತ್ತಕ್ಷರದ ಹಿಂದಿರುವ ಕ ಗುರುವಾಗಿ 2+1+1 ಆಗಬೇಕು, ಒಟ್ಟು 4 ಮಾತ್ರೆ. ಹಾಗಾಗಿ ನಾನೇ ಬರೆದೆ: ಒಂದು ವ್ಯಂಜನ, ಆಮೇಲೆ ವಿರಾಮ ಮತ್ತು ವ್ಯಂಜನ ಎಷ್ಟು ಸಲವಾದರೂ, ಕೊನೆಗೆ ಸ್ವರಚಿಹ್ನೆ, ಅನುಸ್ವಾರ. ವ್ಯಂಜನಕ್ಕೆ [ಕ-ಹ] ಸಾಕು ಎಂದುಕೊಂಡಿದ್ದೆ.

ಸಾಲಲಿಲ್ಲ. ಹಳಗನ್ನಡದ 'ಮೞೆ' ಕೊಟ್ಟಾಗ ಒಂದೇ ಅಕ್ಷರ ಎಂದಿತು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ೞ, ಹ ಆದಮೇಲೆ ಎಲ್ಲೋ ದೂರದಲ್ಲಿದೆ. ಅಲ್ಲಿ ಅದರ ಹೆಸರೂ ತಪ್ಪಾಗಿ 'ಫಾ' ಎಂದೇ ಉಳಿದಿದೆ, ಒಮ್ಮೆ ಕೊಟ್ಟ ಹೆಸರನ್ನು ಅವರು ಬದಲಿಸುವುದಿಲ್ಲ. ನಮ್ಮ ಅಕ್ಷರಕ್ಕೆ ಹೀಗಾದದ್ದು ನಿಜಕ್ಕೂ ಬೇಸರ. [ಕ-ಹೞ] ಮಾಡಿದ್ದು ಒಂದು ನಿಮಿಷದ ಕೆಲಸ. ಆದರೆ ಗೊತ್ತಿಲ್ಲದ ಅಕ್ಷರವನ್ನು ರೆಜೆಕ್ಸ್ ಸದ್ದಿಲ್ಲದೆ ದಾಟಿಹೋಗುವುದನ್ನು ನಿಲ್ಲಿಸಲೇಬೇಕಿತ್ತು. ಈಗ ಬ್ಯಾಕ್‌ಸ್ಲ್ಯಾಶ್ ಜಿ ಹಾಕಿ ಬಿಟ್ಟಲ್ಲಿಂದಲೇ ಮುಂದುವರಿಸುತ್ತೇನೆ, ಹೊಂದದ್ದು ಸಿಕ್ಕರೆ ಆ ಅಕ್ಷರವನ್ನೇ ತೋರಿಸಿ ಡೈ. ಒಂದು ಸಾಲು ಕೆಟ್ಟರೆ ಇಡೀ ಪದ್ಯ ನಿಲ್ಲಬಾರದೆಂದು ಪ್ರತಿ ಸಾಲನ್ನೂ ಇವ್ಯಾಲ್ ಒಳಗೆ ಓಡಿಸುತ್ತೇನೆ, ಒಳಗಾದ ಡೈಯನ್ನು ಅದು ಅಲ್ಲೇ ಹಿಡಿದು ಸಂದೇಶವನ್ನು $@ ಎಂಬ ವೇರಿಯಬಲ್‌ನಲ್ಲಿ ಇಡುತ್ತದೆ. ಆ ಸಂದೇಶವನ್ನು ತಕ್ಷಣ ಬೇರೆ ವೇರಿಯಬಲ್‌ಗೆ ತೆಗೆದಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಇವ್ಯಾಲ್ ಅದನ್ನು ಅಳಿಸಿಬಿಡುತ್ತದೆ.

ನಿನ್ನೆ ರಾತ್ರಿ ಕೊಟ್ಟ ಪದ್ಯದ 3ನೇ ಸಾಲು 22 ಎಂದು ಬಂತು. ಸಾಲಿನ ಕೊನೆಯ ಲಘುವನ್ನು ಗುರುವಾಗಿ ಎಣಿಸುವ ನಿಯಮ ಇನ್ನೂ ಸೇರಿಸಿಲ್ಲ, ಈ ಭಾನುವಾರ ಅದೇ ಕೆಲಸ.