ರಿಟೈರ್ ಆಗುವವರಿಗೆ ಯಾವ ಕಾಫಿ ಮಗ್ ಕೊಡಲಿ?

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಕ್ಕಾ, ನಮ್ಮ ಸೂಪರಿಂಟೆಂಡೆಂಟ್ ಸರ್ ಈ 31ಕ್ಕೆ ರಿಟೈರ್ ಆಗ್ತಿದ್ದಾರೆ. ಒಂದು ಒಳ್ಳೆ ಕಾಫಿ ಮಗ್ ಕೊಡೋಣ ಅಂತಿದ್ದೀವಿ. ಯಾವುದು ತಗೊಳ್ಳೋದು?" ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಯಾರದೇ ಬೀಳ್ಕೊಡುಗೆ ಇರಲಿ, ದುಡ್ಡು ಎತ್ತುವುದು, ಹಾರ ತರಿಸುವುದು, ಗಿಫ್ಟ್ ಆರಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅದಕ್ಕೇ ಬೇರೆ ಕಚೇರಿಯವರೂ ನನ್ನನ್ನೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳಿ ಇಡುತ್ತಿದ್ದೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಮೇ ತಿಂಗಳಲ್ಲೇ ಯಾಕೆ ಇಷ್ಟು ಫೋನ್ ಅಂದರೆ, ಹಿಂದಿನವರಲ್ಲಿ ಎಷ್ಟೋ ಜನರಿಗೆ ತಾವು ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡುಬಿಟ್ಟರು. ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಒಂದನೇ ತಾರೀಕು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನವೇ. ಹಾಗಾಗಿ ಜೂನ್ ಒಂದರವರೆಲ್ಲ ಮೇ 31ಕ್ಕೆ ಹೊರಡುತ್ತಾರೆ. ನಮ್ಮ ಕಟ್ಟಡದಲ್ಲಿ ಒಂದೇ ಸಾಯಂಕಾಲ ಮೂರು ಬೀಳ್ಕೊಡುಗೆ ಆದದ್ದುಂಟು.

ನನ್ನ ಉತ್ತರ ಮೊದಲೇ ಹೇಳುತ್ತೇನೆ. ಮಗ್ ಕೊಡಿ, ಒಳ್ಳೆಯ ಯೋಚನೆ. ಆದರೆ ಅಂಗಡಿಗೆ ಹೋಗುವ ಮುಂಚೆ, ಅವರು ಮನೆಯಲ್ಲಿ ಒಂದು ಸಲಕ್ಕೆ ಎಷ್ಟು ಕಾಫಿ ಕುಡಿಯುತ್ತಾರೆ ಅಂತ ತಿಳಿದುಕೊಳ್ಳಿ. ಅಷ್ಟು ಕಾಫಿಗೆ ಹೊಂದುವ ಮಗ್ ತನ್ನಿ. ಬಣ್ಣ, ಬರಹ, ಫೋಟೊ ಎಲ್ಲ ಆಮೇಲಿನ ಮಾತು.

ಏಳೆಂಟು ವರ್ಷದ ಹಿಂದೆ ನಮ್ಮ ಕ್ಯಾಷಿಯರ್ ಸರ್ ರಿಟೈರ್ ಆದರು. ಬೆಳಿಗ್ಗೆ 11 ಗಂಟೆಗೆ ಅಟೆಂಡರ್ ಫ್ಲಾಸ್ಕ್ ಹಿಡಿದು ಬಂದ ಕೂಡಲೇ ಪೆನ್ ಕೆಳಗಿಡುತ್ತಿದ್ದರು. ಕನ್ನಡಕ ತೆಗೆಯುತ್ತಿದ್ದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿ ಕಡೆ ತಿರುಗಿ ಕೂತು ಕುಡಿಯುತ್ತಿದ್ದರು. ಆ ಐದು ನಿಮಿಷ ಯಾರೂ ಅವರ ಹತ್ತಿರ ಬಿಲ್ ಒಯ್ಯುತ್ತಿರಲಿಲ್ಲ. ಕಾಫಿ ಅಂದರೆ ಅಷ್ಟು ಪ್ರೀತಿ ಇದ್ದ ಮನುಷ್ಯ. ಹಾಗಾಗಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಒಂದು ದೊಡ್ಡ ಮಗ್ ಕೊಟ್ಟೆವು. ಅದರ ಮೇಲೆ ನಮ್ಮೆಲ್ಲರ ಗ್ರೂಪ್ ಫೋಟೊ ಹಾಕಿಸಿದ್ದೆ. ಅವರ ಕಣ್ಣು ತುಂಬಿ ಬಂತು.

ಎರಡು ತಿಂಗಳಾದ ಮೇಲೆ ಪೆನ್ಷನ್ ಕಾಗದಕ್ಕೆ ಸಹಿ ಹಾಕಿಸಲು ಅವರ ಮನೆಗೆ ಹೋದೆ. ಮಗ್ ಟಿವಿ ಪಕ್ಕದಲ್ಲಿತ್ತು. ಅದರ ತುಂಬಾ ಪೆನ್ನು, ಒಂದು ಕತ್ತರಿ. ಕಾಫಿ ಬಂದದ್ದು ಸ್ಟೀಲ್ ಲೋಟದಲ್ಲಿ. ನಾನು ಮಗ್ ಕಡೆ ನೋಡಿದ್ದು ಅವರಿಗೆ ಗೊತ್ತಾಯಿತು. "ಮಗ್ ತುಂಬಾ ಚೆನ್ನಾಗಿದೆ ಕಣಮ್ಮಾ. ಆದ್ರೆ ನಮ್ಮನೆ ಕಾಫಿ ಹಾಕಿದ್ರೆ ಎಲ್ಲೋ ತಳದಲ್ಲಿ ಇರುತ್ತೆ. ಎರಡು ಗುಟುಕು ಕುಡಿಯೋದ್ರೊಳಗೆ ತಣ್ಣಗಾಗಿಬಿಡುತ್ತೆ" ಅಂದರು. ಬೇಜಾರು ಮಾಡಿಕೊಂಡು ಹೇಳಿದ್ದಲ್ಲ. ಆದರೂ ನನಗೆ ದಾರಿಯುದ್ದಕ್ಕೂ ಅದೇ ಯೋಚನೆ.

ಅಂಥದೇ ಮಗ್ ನಮ್ಮ ಮನೆಯಲ್ಲೂ ಒಂದಿತ್ತು. ತೆಗೆದು ನೀರು ತುಂಬಿ ಅಳೆದೆ. 325 ಮಿಲಿ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಫೋಟೊ ಮಗ್‌ಗಳು ಹೆಚ್ಚು ಕಡಿಮೆ ಇಷ್ಟೇ ದೊಡ್ಡವು. ನಮ್ಮ ಮನೆಯ ಸ್ಟೀಲ್ ಲೋಟಕ್ಕೆ ನಾವು ಹಾಕುವ ಕಾಫಿ ಅಳೆದೆ. 120 ಮಿಲಿ. ಅಂದರೆ ಮಗ್‌ನ ಅರ್ಧವೂ ಇಲ್ಲ. ಇನ್ನು ಬೈಟು ಕಾಫಿ ಕುಡಿದು ಅಭ್ಯಾಸ ಆದವರಿಗೆ ಇನ್ನೂ ಕಡಿಮೆ. ಇಂಥ ದೊಡ್ಡ ಮಗ್ ನೀರು ಕಾಫಿಯನ್ನು ತುಂಬ ಹೊತ್ತು ಕುಡಿಯುವವರಿಗೆ ಸರಿ. ನಮ್ಮದು ಗಟ್ಟಿ ಡಿಕಾಕ್ಷನ್, ಕುದಿಯುವ ಹಾಲು, ಬಿಸಿ ಇರುವಾಗಲೇ ಮುಗಿಸುವ ಕಾಫಿ ಅಲ್ವಾ?

ತಣ್ಣಗಾಗುವುದು ಯಾಕೆ ಅಂತ ಪಿಯುಸಿ ಓದುತ್ತಿದ್ದ ಮಗನನ್ನು ಕೇಳಿದೆ. ಅವನು ಮಗ್ ತೂಕ ಹಾಕಿದ. 360 ಗ್ರಾಂ ಬಂತು. ಲೋಟ 90 ಗ್ರಾಂ. ಆಮೇಲೆ ಲೆಕ್ಕ ಮಾಡಿ ತೋರಿಸಿದ. 80 ಡಿಗ್ರಿ ಬಿಸಿ ಇರುವ 120 ಮಿಲಿ ಕಾಫಿಯನ್ನು ತಣ್ಣನೆಯ ಮಗ್‌ಗೆ ಸುರಿದರೆ, ಆ ದಪ್ಪ ಪಿಂಗಾಣಿ ಬಿಸಿಯಾಗುವುದಕ್ಕೇ ಕಾಫಿಯ ಬಿಸಿ ಖರ್ಚಾಗುತ್ತದೆ. ಎರಡೂ ಸಮಕ್ಕೆ ಬರುವಾಗ ಕಾಫಿ 60 ಡಿಗ್ರಿ ಹತ್ತಿರ ಇಳಿದಿರುತ್ತದೆ. ಸ್ಟೀಲ್ ಲೋಟದಲ್ಲಾದರೆ 75ರ ಹತ್ತಿರ ನಿಲ್ಲುತ್ತದೆ. ಗಾಳಿಗೆ ಆರುವುದು ಬೇರೆ ಲೆಕ್ಕ. ನಮ್ಮ ಸರ್ ಹೇಳಿದ್ದು ಅಕ್ಷರಶಃ ನಿಜ. ಮಗ್ ಅವರ ಕಾಫಿಯ ಬಿಸಿಯನ್ನು ತಾನೇ ಕುಡಿಯುತ್ತಿತ್ತು.

ಅವತ್ತಿನಿಂದ ನಾನು ಆರಿಸುವುದು 180ರಿಂದ 200 ಮಿಲಿ ಹಿಡಿಯುವ, ಹಗುರವಾದ ಮಗ್. 220 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಅಂಗಡಿಯವರು ಸಾಮಾನ್ಯವಾಗಿ ಅಳತೆ ಹೇಳುವುದಿಲ್ಲ. ಅದಕ್ಕೆ ಅರ್ಧ ಲೀಟರ್ ನೀರಿನ ಬಾಟಲಿ ತೆಗೆದುಕೊಂಡು ಹೋಗುತ್ತೇನೆ. ತುಂಬಿದ ಬಾಟಲಿಯ ನೀರು ಎರಡು ಮಗ್ ತುಂಬಿ ಇನ್ನೂ ಹೆಚ್ಚು ಕಡಿಮೆ ಕಾಲು ಬಾಟಲಿ ಉಳಿದರೆ ಅಳತೆ ಸರಿ ಇದೆ ಅಂತ. ಯಾವ ಅಂಗಡಿಯವರೂ ಬೇಡ ಅಂದಿಲ್ಲ. ಮಗ್ ಜೊತೆ ಒಂದು ಮಾತೂ ಹೇಳಿ ಕೊಡುತ್ತೇನೆ: ಹಾಲು ಉಕ್ಕುವಾಗ ಮಗ್‌ಗೆ ಒಂದಿಷ್ಟು ಬಿಸಿನೀರು ಹಾಕಿಡಿ, ಚೆಲ್ಲಿ ಕಾಫಿ ಬೆರೆಸಿ.

ಇನ್ನು ಹಿಡಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಅರವತ್ತಕ್ಕೆ ರಿಟೈರ್ ಆದವರು ಆ ಮಗ್ ಅನ್ನು ಎಪ್ಪತ್ತೈದರಲ್ಲೂ ಹಿಡಿಯಬೇಕು. ನಮ್ಮ ಅಮ್ಮನಿಗೆ ಬೆರಳಿನ ಗೆಣ್ಣು ಊದಿಕೊಂಡ ಮೇಲೆ ಸಣ್ಣ ಹಿಡಿಯ ಕಪ್ ಎತ್ತಲು ಆಗುತ್ತಿರಲಿಲ್ಲ. ತೋರುಬೆರಳು ಒಳಗೆ ತೂರಿಸಿದರೆ ಗೆಣ್ಣು ಬಿಸಿ ಗೋಡೆಗೆ ತಾಗುತ್ತಿತ್ತು. ಚುರ್ ಅಂದ ಕೂಡಲೇ ಕೈ ಅದುರಿ ಸೀರೆ ಮೇಲೆ ಕಾಫಿ. ಅದಕ್ಕೆ ಅಂಗಡಿಯಲ್ಲಿ ನಿಮ್ಮ ಮೂರು ಬೆರಳು ಹಿಡಿಯೊಳಗೆ ಹಾಕಿ ನೋಡಿ. ಸಲೀಸಾಗಿ ಹೋಗಬೇಕು. ಹೋದ ಮೇಲೂ ಬೆರಳಿಗೂ ಮಗ್ ಗೋಡೆಗೂ ನಡುವೆ ಜಾಗ ಉಳಿಯಬೇಕು. ಹಿಡಿ ತೀರಾ ಚಪ್ಪಟೆ, ಅಂಚು ಚೂಪು ಇರಬಾರದು. ಆಮೇಲೆ ನೀರು ತುಂಬಿಸಿ ಒಂದು ನಿಮಿಷ ಎತ್ತಿ ಹಿಡಿದುಕೊಳ್ಳಿ. ಮಣಿಕಟ್ಟು ಒಂದು ಕಡೆ ವಾಲಿದರೆ ಆ ಮಗ್ ಬೇಡ.

ಕೊಳ್ಳುವ ಮುಂಚೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬಡಿದು ನೋಡುತ್ತಿದ್ದರಲ್ಲ, ಹಾಗೇ. ಕಣ್ ಅಂತ ನಾದ ಬಂದರೆ ಸರಿ. ಡಬ್ ಅಂದರೆ ಎಲ್ಲೋ ಕೂದಲೆಳೆಯಂಥ ಬಿರುಕು ಇರಬಹುದು. ತಿರುಗಿಸಿ ತಳದ ಬಳೆ ನೋಡಿ. ಅಲ್ಲಿ ಒರಟಾಗಿದ್ದರೆ ಟೀಪಾಯಿ ಗೀರಿ ಹೋಗುತ್ತದೆ. ಬಾಯಿ ಅಗಲ ನಿಮ್ಮ ಕೈ ಒಳಗೆ ಹೋಗುವಷ್ಟು ಇರಲಿ, ತೊಳೆಯುವವರ ಕಷ್ಟ ಅದು. ಒಳಗಿನ ಬಣ್ಣ ಬಿಳಿಯೋ ಕೆನೆಯೋ ಇರಲಿ. ಕಾಫಿಯ ಬಣ್ಣ ನೋಡಿಯೇ ಡಿಕಾಕ್ಷನ್ ಸಾಕೋ ಬೇಕೋ ಅಂತ ಹೇಳುವವರು ನಮ್ಮಲ್ಲಿದ್ದಾರೆ. ಕಪ್ಪು ಮಗ್‌ನಲ್ಲಿ ಅವರಿಗೆ ಏನೂ ಕಾಣುವುದಿಲ್ಲ. ಈಗ ಹೊಳಪಿಲ್ಲದ ಮ್ಯಾಟ್ ಮಗ್ ಜಾಸ್ತಿ ಬರುತ್ತಿವೆ. ನೋಡಲು ಚೆಂದ, ಆದರೆ ಒಳಗೂ ಹಾಗೇ ಇದ್ದರೆ ಕಾಫಿ ಕಲೆ ಕೂರುತ್ತದೆ, ಚಮಚ ತಾಗಿದಲ್ಲೆಲ್ಲ ಬೂದು ಗೆರೆ ಬೀಳುತ್ತದೆ. ನುಣುಪಾದ ಮಗ್ ಆದರೆ ಕಲೆಗೆ ಒಂದು ಚಿಟಿಕೆ ಅಡುಗೆ ಸೋಡಾ ಸಾಕು.

ಫೋಟೊ ಹಾಕಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ಫೋಟೊ ಕೂರುವುದು ಮಗ್ ಮೇಲೆ ಬಳಿದ ತೆಳು ಪ್ಲಾಸ್ಟಿಕ್ಕಿನಂಥ ಪದರದಲ್ಲಿ. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವುದು ಸ್ಟೀಲ್ ನಾರಿನಲ್ಲಿ. ತಿಕ್ಕುತ್ತಾ ಹೋದಂತೆ ಮೊದಲು ಗೀರು, ಆಮೇಲೆ ಮುಖಗಳೇ ಮಸುಕು. ಜೊತೆಗೆ ಕೆಲಸ ಮಾಡಿದವರ ಮುಖವನ್ನು ದಿನಾ ಉಜ್ಜಿ ಅಳಿಸುವುದು ಯಾರಿಗೆ ಇಷ್ಟ? ಹಾಗಾಗಿ ಎತ್ತಿಟ್ಟುಬಿಡುತ್ತಾರೆ. ಫೋಟೊಗೆ ಕಟ್ಟು ಹಾಕಿಸಿ ಬೇರೆ ಕೊಡಿ, ಗೋಡೆ ಮೇಲೆ ಇರಲಿ. ಮಗ್ ಮೇಲೆ ಚಿತ್ತಾರ ಬೇಕೇ ಬೇಕು ಅಂದರೆ, ಬಣ್ಣ ಬರೆದ ಮೇಲೆ ಹೊಳಪಿನ ಲೇಪ ಹಾಕಿ ಸುಟ್ಟದ್ದನ್ನು ಹುಡುಕಿ. ಮೇಲೆ ಬೆರಳಾಡಿಸಿದರೆ ಚಿತ್ರ ಕೈಗೆ ಸಿಗಬಾರದು. ಉತ್ತರ ಪ್ರದೇಶದ ಖುರ್ಜಾದ ಪಿಂಗಾಣಿಯಲ್ಲಿ ಹೂವು ಬಳ್ಳಿ ಬರೆದ ಇಂಥ ಮಗ್ ಸಿಗುತ್ತವೆ. ಎಕ್ಸಿಬಿಷನ್‌ಗಳಿಗೆ ಅವು ಬಂದಾಗ ನಾನು ನಾಲ್ಕೈದು ತಂದು ಬೀರುವಿನಲ್ಲಿ ಇಟ್ಟುಕೊಂಡಿರುತ್ತೇನೆ. ಚಿನ್ನದ ಗೆರೆ ಇರುವುದು ಬೇಡ. ಮೈಕ್ರೋವೇವ್‌ನಲ್ಲಿ ಇಟ್ಟರೆ ಕಿಡಿ ಹಾರುತ್ತದೆ.

ಬೋನ್ ಚೈನಾ ಬಗ್ಗೆ ಒಂದು ಎಚ್ಚರಿಕೆ. ತೆಳು, ಹಗುರ, ಗಟ್ಟಿ, ಎಲ್ಲ ನಿಜ. ಆದರೆ ಹೆಸರೇ ಹೇಳುವ ಹಾಗೆ ಅದರ ಮಣ್ಣಿಗೆ ಸುಟ್ಟ ಮೂಳೆಯ ಬೂದಿ ಬೆರೆಸುತ್ತಾರೆ. ಕೆಲವರ ಮನೆಯಲ್ಲಿ ಇದು ನಡೆಯುವುದಿಲ್ಲ. ಗೊತ್ತಾದ ಮೇಲೆ ಹೊರಗೂ ಹೇಳಲಾರರು, ಒಳಗೂ ಇಟ್ಟುಕೊಳ್ಳಲಾರರು. ಮೊದಲೇ ಮೆಲ್ಲಗೆ ಕೇಳಿಬಿಡಿ.

ಎರಡು ಗೋಡೆಯ ಸ್ಟೀಲ್ ಮಗ್ ಕೂಡ ಒಳ್ಳೆಯದೇ. ಬೀಳಿಸಿದರೂ ಒಡೆಯುವುದಿಲ್ಲ, ತುಟಿಯೂ ಕೈಯೂ ಸುಡುವುದಿಲ್ಲ. ಮುಚ್ಚಳದ ತೂತಿನಿಂದ ಕುಡಿಯುವಂಥದ್ದು ಮಾತ್ರ ಬೇಡ. ಫಿಲ್ಟರ್ ಕಾಫಿಯ ಘಮ ಮೂಗಿಗೆ ಬರಬೇಕು, ನೊರೆ ತುಟಿಗೆ ತಾಗಬೇಕು. ತಾಮ್ರ, ಹಿತ್ತಾಳೆಯದ್ದನ್ನು ಕೊಡುವುದಾದರೆ ಒಳಗೆ ಕಲಾಯಿ ಇರಬೇಕು. ಕಲಾಯಿ ಸವೆದರೆ ಮತ್ತೆ ಹಾಕುವವರು ಈಗ ಎಲ್ಲಿದ್ದಾರೆ? ಬೆಳ್ಳಿ ಲೋಟ ನೇರ ಬೀರು ಸೇರುತ್ತದೆ.

ಹಾಗೆಯೇ, ಜೀವಮಾನವೆಲ್ಲ ಲೋಟ ಬಟ್ಟಲಿನಲ್ಲಿ ಆರಿಸಿಕೊಂಡು ಕುಡಿದವರಿಗೆ ಮಗ್ ಹೇರಬೇಡಿ. ಕಂಠ ಚೆನ್ನಾಗಿ ಮಡಚಿದ, ದಪ್ಪ ತಗಡಿನ ಸ್ಟೀಲ್ ಲೋಟ ಬಟ್ಟಲು ತಂದು, ಪಾತ್ರೆ ಅಂಗಡಿಯಲ್ಲೇ ಹೆಸರು ಕೆತ್ತಿಸಿ ಕೊಡಿ. ಅವರು ಹೇಗೆ ಕುಡಿಯುತ್ತಾರೆ ಅಂತ ತಿಳಿಯಲು ದೊಡ್ಡ ಪತ್ತೇದಾರಿಕೆ ಬೇಡ. ಸುಮ್ನೆ ಮನೆಯವರಿಗೆ ಒಂದು ಫೋನ್ ಮಾಡಿ ಕೇಳಿ. ಕಚೇರಿಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಇಲ್ಲಿ ಎಲ್ಲರಿಗೂ ಅದೇ ಪೇಪರ್ ಲೋಟ.

ಕೊನೆಯದಾಗಿ, ಒಂದು ಮಗ್ ಕೊಡಬೇಡಿ. ಎರಡು ಕೊಡಿ. ಬೀಳ್ಕೊಡುಗೆಯ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಶಾಲು ಹೊದಿಸುತ್ತೇವೆ. ಮೂವತ್ತು ವರ್ಷ ಅವರು ಹನ್ನೊಂದು ಗಂಟೆಯ ಕಾಫಿಯನ್ನು ನಮ್ಮ ಜೊತೆ ಕುಡಿದರು. ಮನೆಯಲ್ಲಿದ್ದವರು ಒಬ್ಬರೇ ಕುಡಿದರು. ನಾಳೆಯಿಂದ ಇಬ್ಬರೂ ಒಂದೇ ಹೊತ್ತಿಗೆ ಕುಡಿಯುತ್ತಾರಲ್ಲ. ಸಣ್ಣ ಮಗ್ ಆದ್ದರಿಂದ ಎರಡಕ್ಕೂ ಖರ್ಚು ಜಾಸ್ತಿ ಆಗುವುದಿಲ್ಲ.

ಕಳೆದ ವರ್ಷ ನಮ್ಮ ಟೈಪಿಸ್ಟ್ ಮೇಡಂ ರಿಟೈರ್ ಆದಾಗ ಇದೇ ಮಾತಿಗೆ ನಾನು ಹಿಂದೆ ಮುಂದೆ ನೋಡಿದೆ. ಅವರ ಯಜಮಾನರು ತೀರಿಕೊಂಡು ಆರು ವರ್ಷ. ಮಕ್ಕಳು ಹೊರಗೆ. ಜೋಡಿ ಮಗ್ ಕೊಟ್ಟರೆ ಮನಸ್ಸು ನೋಯುತ್ತದೇನೋ ಅಂತ ಎರಡು ದಿನ ಯೋಚಿಸಿ, ಕೊನೆಗೆ ಎರಡನ್ನೇ ಕೊಟ್ಟೆ. ಬಿಳಿ ಮಗ್, ಅಂಚಿಗೆ ನೀಲಿ ಗೆರೆ.

ಹೋದ ವಾರ ಅವರ ಮನೆ ಕಡೆ ಹೋಗಿದ್ದೆ. ಅಡುಗೆ ಮನೆಯ ಕಟ್ಟೆ ಮೇಲೆ ಎರಡೂ ಮಗ್ ಬೋರಲು ಹಾಕಿದ್ದರು. ಒಂದರ ಒಳಗೆ ತೆಳುವಾಗಿ ಕಾಫಿಯ ಕಲೆ ಹಿಡಿದಿತ್ತು. ಇನ್ನೊಂದು ಹೊಸದರ ಹಾಗೇ ಇತ್ತು. ಅದನ್ನು ಎತ್ತಿ ಬಿಸಿನೀರು ಹಾಕಿ ಚೆಲ್ಲಿದರು. "ಇದು ನಿಂದು ಕಣೇ. ಬೇರೆ ಯಾರಿಗೂ ಇದರಲ್ಲಿ ಕೊಡಲ್ಲ. ಎಷ್ಟು ದಿನ ಆಯ್ತು ನೀನು ಬಂದು" ಅಂದರು.