ನೀರಿಗಿಳಿದ ಎಮ್ಮೆಯ ಸುಳಿವು: ಕೊರಳಪಟ್ಟಿಯ ಕೆಲಸ ಎಲ್ಲಿಗೆ ಬಂದಿದೆ

ಧಾರವಾಡದಿಂದ ಕಲಘಟಗಿಯ ಕಡೆಗೆ ಹಬ್ಬಿರುವ ಕುರುಚಲು ಕಾಡಿನ ಅಂಚಿನಲ್ಲಿ ಮೇಯುವ ಗೌಳಿಗರ ಎಮ್ಮೆಗಳಿಗಾಗಿ, ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ಸಾಧನ), ಜಿಪಿಎಸ್ ಮತ್ತು ಒಂದು 18650 ಸೆಲ್ (ಮರುಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ) ಕೂಡಿಸಿ ಮಾಡುತ್ತಿರುವ, ಎಮ್ಮೆ ಎಲ್ಲಿದೆಯೆಂದು ತಿಳಿಸುವ ಕೊರಳಪಟ್ಟಿ ಈಗ ಬಯಲಿನಲ್ಲಿ ನೆಚ್ಚಬಹುದಾದ ಮಟ್ಟಕ್ಕೆ ಬಂದಿದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ರೇಡಿಯೊ ಆವರ್ತನಗಳನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದಾದ್ದರಿಂದ ಸಿಮ್ ಕಾರ್ಡಿನ ಖರ್ಚಿಲ್ಲ. ನೀರಿನ ಟಾಕಿಯ ಮೇಲಿಟ್ಟ ಒಂದು ಗೇಟ್‌ವೇ, ಅಂದರೆ ಪಟ್ಟಿಗಳ ಸಂದೇಶಗಳನ್ನು ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ, ಸಾಕು. ಸಂದೇಶವನ್ನು ಎಷ್ಟು ಹಿಗ್ಗಿಸಿ ನಿಧಾನವಾಗಿ ಕಳುಹಿಸಬೇಕೆಂದು ಹೇಳುವ ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಅಂಕಿಯನ್ನು 12ಕ್ಕೆ ಏರಿಸಿದರೆ ಸಂದೇಶ ಇನ್ನಷ್ಟು ದೂರ ತಲುಪುತ್ತದೆಯಾದರೂ, ಪುಟ್ಟ ಸಂದೇಶಕ್ಕೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪ್ರಸಾರ ನಡೆದು ಬ್ಯಾಟರಿ ಸವೆಯುತ್ತದೆಯಾದ್ದರಿಂದ 9ರಲ್ಲೇ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕಿರುವುದು ಕೆರೆಯಲ್ಲಿ. ಹಸುವಿಗೆ ಹೋಲಿಸಿದರೆ ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ಬಿಸಿಲೇರಿದ ಮೇಲೆ ಅದು ನೀರಿಗೋ ರಾಡಿಗೋ ಇಳಿಯಲೇಬೇಕು. ಆಂಟೆನಾ ಮುಳುಗಿತೆಂದರೆ ಲೋರಾ, ಜಿಪಿಎಸ್ ಎರಡೂ ಮೂಕವಾಗುತ್ತವೆ. ಹಸುಗಳಿಗೆಂದು ರೂಪಿಸಿದ ವಿನ್ಯಾಸಗಳನ್ನು ಇಲ್ಲಿ ಹಾಗೆಯೇ ತಂದು ಕಟ್ಟಲಾಗದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಆದ್ದರಿಂದ ಭಾರವಾದ ಬ್ಯಾಟರಿ ಪೆಟ್ಟಿಗೆಯನ್ನು ಗಂಟಲ ಕೆಳಗೆ ತೂಗುಬಿಟ್ಟು, ಅದರ ತೂಕದಿಂದಲೇ ಪಟ್ಟಿ ತಿರುಗದಂತೆ ಮಾಡಿ, ಆಂಟೆನಾವನ್ನು ಕತ್ತಿನ ಮೇಲ್ಭಾಗದಲ್ಲಿ ಹೊಲಿದಿದ್ದೇನೆ. ಧಾರವಾಡಿ ಎಮ್ಮೆಯ ಕೊಂಬು ಹಿಂದಕ್ಕೆ ಬಾಗಿರುವುದರಿಂದ ಕಡ್ಡಿಯಂತೆ ಎದ್ದುನಿಲ್ಲುವ ಆಂಟೆನಾ ಉಳಿಯದು. ಬಾಗುವ ತಂತಿಯೇ ಬೇಕು. ಪೆಟ್ಟಿಗೆಯ ಎರಡು ಬದಿಗೆ ಒಂದೊಂದು ಸ್ಟೀಲ್ ಸ್ಕ್ರೂ ಇದೆ. ಎಮ್ಮೆ ನೀರಿಗಿಳಿಯುವಾಗ ಮೊದಲು ಮುಳುಗುವುದು ಪೆಟ್ಟಿಗೆ, ಕೊನೆಗೆ ಆಂಟೆನಾ. ಈ ನಡುವಿನ ಕ್ಷಣಗಳಲ್ಲಿ ಸ್ಕ್ರೂಗಳ ನಡುವೆ ನೀರಿನ ಮೂಲಕ ವಿದ್ಯುತ್ ಹರಿದದ್ದನ್ನು ಗುರುತಿಸಿ, 'ನೀರಿಗಿಳಿದಿದೆ' ಎಂಬ ಸಂದೇಶವನ್ನು ಕೊನೆಯ ಸ್ಥಳದೊಂದಿಗೆ ಕಳುಹಿಸಿ, ಪಟ್ಟಿ ನಿದ್ರೆಗೆ ಜಾರುತ್ತದೆ. ಮುಳುಗಿರುವಷ್ಟು ಹೊತ್ತು ಉಪಗ್ರಹಗಳನ್ನು ಹುಡುಕುವ ವ್ಯರ್ಥ ಶ್ರಮವೂ ತಪ್ಪುತ್ತದೆ. ಸ್ಕ್ರೂಗಳಿಗೆ ಸದಾ ವಿದ್ಯುತ್ ಹರಿಸಿದರೆ ಅವು ಬೇಗ ಸವೆಯುವುದರಿಂದ, ಅಳೆಯುವ ಗಳಿಗೆಯಲ್ಲಿ ಮಾತ್ರ ಹರಿಸುತ್ತೇನೆ.

ಈ ಉಪಕರಣದ ನಕ್ಷೆ ಗೌಳಿಗರಿಗೆ ಬೇಕಿಲ್ಲ. "ಸಂಜಿಮುಂದ ಯಾವ ಎಮ್ಮಿ ಬಂದಿಲ್ಲ ಅಂತ ಫೋನಿಗೆ ತಿಳಿಸ್ರಿ, ಸಾಕು" ಎಂಬ ಅವರ ಬೇಡಿಕೆ ನನ್ನ ಯೋಜನೆಗಿಂತ ಸರಳವೂ ಸರಿಯೂ ಆಗಿದೆ.

ಉಳಿದಿರುವುದು ರಾಡಿಯ ಸಮಸ್ಯೆ. ಮೇಲೆದ್ದು ಬಂದ ಮೇಲೂ ಮೆತ್ತಿಕೊಂಡ ಹಸಿ ಮಣ್ಣು ಎರಡು ಸ್ಕ್ರೂಗಳನ್ನು ಬೆಸೆಯುವುದರಿಂದ, ಎಮ್ಮೆ ಇನ್ನೂ ನೀರಿನಲ್ಲಿದೆ ಎಂದೇ ಪಟ್ಟಿ ಭಾವಿಸುತ್ತದೆ. ಸ್ಕ್ರೂಗಳು ಏನೇ ಹೇಳಲಿ, ನಡಿಗೆಯ ಅಲುಗಾಟ ಬಿಡದೆ ಕಂಡುಬಂದರೆ ಜಿಪಿಎಸ್ ಮತ್ತೆ ಎಚ್ಚರಗೊಳ್ಳುವಂತೆ ಅಲುಗಾಟವನ್ನು ಅಳೆಯುವ ಅಕ್ಸೆಲೆರೋಮೀಟರ್ ಒಂದನ್ನು ಈಗ ಸೇರಿಸುತ್ತಿದ್ದೇನೆ.